ಅಪ್ಪನಿಗೆಂದು ತಂದ ಟಿವಿ ಗೇಮು

ನಮ್ಮ ಕಡೆ ಅಪ್ಪಂದಿರಿಗೆ ಯಾರೂ ಏನೂ ಕೊಡುವುದಿಲ್ಲ. ಹಬ್ಬಕ್ಕೊಂದು ಧೋತರ, ಮದುವೆ ಮನೆಯಲ್ಲಿ ಆಯೇರಿ ಉಡುಗೊರೆಯಾಗಿ ಬಂದ ಟೋಪಿ-ಟಾವೆಲ್ಲು, ಅಲ್ಲಿಗೆ ಮುಗಿಯಿತು. ಏನು ಬೇಕು ಎಂದು ಕೇಳಿ ನೋಡಿ, "ನನಗೇನ ಬ್ಯಾಡಪಾ, ನಿಮಗ ತಗೋರಿ" ಎನ್ನುತ್ತಾರೆ. ನಿಜವಾಗಿ ಬೇಡವೆಂದಲ್ಲ, ಕೇಳುವ ರೂಢಿ ಇಲ್ಲ. ನಮ್ಮ ಅಪ್ಪನಂತೂ ಈ ವಿದ್ಯೆಯಲ್ಲಿ ಪಾರಂಗತ. ಇಂಥವನಿಗೆ ಅಣ್ಣನೂ ನಾನೂ ಒಂದೇ ವರ್ಷದೊಳಗೆ ಎರಡು ಯಂತ್ರ ತಂದುಕೊಟ್ಟೆವು. ಯಂತ್ರದ ಹುಚ್ಚು ನಮಗಾಗಲಿ ಅವನಿಗಾಗಲಿ ಇರಲಿಲ್ಲ. ಅಪ್ಪನ ದೋಸ್ತ ಮನೆಗೆ ಬರುವುದನ್ನು ನಿಲ್ಲಿಸಿದ್ದರು. ಅವರು ಮತ್ತೆ ಬರಬೇಕಿತ್ತು, ಅಷ್ಟೇ.

ಹುಕ್ಕೇರಿಯ ನಮ್ಮ ಮನೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ. ಉಳಿದವರು ಒಲೆ ಹೊತ್ತಿಸುವ ಸಮಯಕ್ಕೆ ನಮ್ಮಲ್ಲಿ ತಾಟು ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ಆಮೇಲೆ ಮಲಗುವ ತನಕ ಮಾಡುವುದೇನು? ಆ ಹೊತ್ತಿಗೆ ಸರಿಯಾಗಿ, ಮಸೀದಿಯಲ್ಲಿ ಸಂಜೆಯ ನಮಾಜು ಮುಗಿಸಿಕೊಂಡು ಕಾಕಾ ಬರುತ್ತಿದ್ದರು. ಸಂಬಂಧದಿಂದ ಕಾಕಾ ಅಲ್ಲ. ಪೇಟೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದ ಅಪ್ಪನ ಬಾಲ್ಯದ ಗೆಳೆಯ. ಬಂದವರೇ ಪಡಸಾಲೆಯ ಚಾಪೆಯ ಮೇಲೆ ಕೂತು ಇಸ್ಪೀಟು ಕಲಸುತ್ತಿದ್ದರು. ಇಬ್ಬರೂ ದುಡ್ಡಿಟ್ಟು ಆಡಿದವರಲ್ಲ, ಹುಣಸೆಬೀಜ ಇಟ್ಟು ಆಡುವವರು. ಜಗಳ ಮಾತ್ರ ಹೊಲ ಸೋತವರಂತೆ ಮಾಡುತ್ತಿದ್ದರು.

"ಎಲಿ ತೊಡೀ ಕೆಳಗ ಮುಚ್ಚಿ ಇಟ್ಟೀಯಲೇ ಕಳ್ಳಾ!"

"ನಿನಗ ಕಣ್ಣ ಕಾಣೂದಿಲ್ಲ, ನನಗ್ಯಾಕ ಬೈತೀ?"

ಈ ಗದ್ದಲದಲ್ಲೇ ನಾನು ಸಾಲಿ ಓದಿದೆ, ಇದರಲ್ಲೇ ನಿದ್ದೆ ಮಾಡಿದೆ. ಮದುವೆಯಾಗಿ ಗೋಕಾಕಿಗೆ ಹೋದ ಹೊಸತರಲ್ಲಿ ಸಂಜೆಯ ಮೌನಕ್ಕೆ ಅಂಜಿ ರೇಡಿಯೋ ಹಚ್ಚಿ ಕೂತಿರುತ್ತಿದ್ದೆ.

ಒಂದು ಮಳೆಗಾಲ ಮುನಿ ಮಹಾರಾಜರು ನಮ್ಮೂರಲ್ಲಿ ಚಾತುರ್ಮಾಸಕ್ಕೆ ನಿಂತರು. ಪ್ರವಚನ ಮುಗಿದ ಮೇಲೆ ಅವರು, ನಿಮಗೆ ಪ್ರೀತಿಯದ್ದು ಏನಾದರೂ ಒಂದು ಬಿಡಿ ಎಂದು ಕೇಳುವುದು, ಮಂದಿ ಒಬ್ಬೊಬ್ಬರಾಗಿ ಎದ್ದು ನೇಮ ತೊಡುವುದು ನಮ್ಮಲ್ಲಿಯ ರೂಢಿ. ಆವತ್ತು ನಾನೂ ತವರಿಗೆ ಬಂದಿದ್ದೆ. ಒಬ್ಬರು ನಾಲ್ಕು ತಿಂಗಳು ಬದನೆಕಾಯಿ ಬಿಟ್ಟರು. ಇನ್ನೊಬ್ಬರು ಚಪ್ಪಲಿ ಬಿಟ್ಟರು. ನಮ್ಮ ಬಾಜೂ ಮನೆಯವರು ಎದ್ದು ಬೆಲ್ಲ ಬಿಟ್ಟರು. ಅಪ್ಪನದು ಬೆಲ್ಲದ ವ್ಯಾಪಾರ. ತನ್ನೆದುರಿಗೇ ಬೆಲ್ಲ ಬಿಟ್ಟದ್ದು ಎಲ್ಲಿ ಚುಚ್ಚಿತೋ ಏನೋ, ಟೋಪಿ ಸರಿಮಾಡಿಕೊಂಡು ಎದ್ದೇಬಿಟ್ಟ.

"ನಾ ಇಸ್ಪೀಟ್ ಬಿಟ್ಟೇನ್ರಿ ಮಹಾರಾಜ್. ಜೀವ ಇರೂತನಾ."

ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಸಭೆ ಜೈಕಾರ ಹಾಕಿತು. ಹೆಂಗಸರ ಸಾಲಿನಲ್ಲಿ ಅವ್ವ ನನ್ನ ತೊಡೆ ಚಿವುಟಿ, "ನಾಕ ತಿಂಗಳ ಅಂದಿದ್ರ ಸಾಲತಿರಲಿಲ್ಲೇನ ಇವರಿಗೆ?" ಎಂದು ಪಿಸುಗುಟ್ಟಿದಳು. ಆದರೆ ಮುನಿಗಳ ಎದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ಮರುದಿನ ಕಾಕಾ ಬಂದರು. ಚಹಾ ಕುಡಿದರು. ಮಳೆಯ ಮಾತಾಯಿತು, ಕಬ್ಬಿನ ಮಾತಾಯಿತು, ಹಿಡಕಲ್ ಡ್ಯಾಮಿಗೆ ಎಷ್ಟು ನೀರು ಬಂತೆಂಬ ಮಾತೂ ಆಯಿತು. ಅಷ್ಟು ವರ್ಷ ನಡುವೆ ಎಲೆ ಹಾಸಿಕೊಂಡು ಕೂತವರಿಗೆ ಎಲೆ ಇಲ್ಲದೆ ಕೈ ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. "ಬರ್ತೇನಿ" ಎಂದು ಎದ್ದು ಹೋದ ಕಾಕಾ ಮುಂದೆ ಬರಲಿಲ್ಲ. ಅಪ್ಪ ಕರೆಯಲೂ ಇಲ್ಲ.

ಆಮೇಲೆ ಅಪ್ಪ ಅವ್ವನ ಅಡುಗೆಮನೆಯ ಮೇಲೆ ಬಿದ್ದ. ಅವ್ವನ ಫೋನು ವಾರಕ್ಕೊಂದು ಬರುತ್ತಿದ್ದದ್ದು ಈಗ ದಿನ ಬಿಟ್ಟು ದಿನ ಬರತೊಡಗಿತು.

"ನಿಮ್ಮಪ್ಪ ಇವತ್ತ ಬ್ಯಾಳಿಗೆ ಹುಳಾ ಹತ್ತ್ಯಾವೇನಂತ ನೋಡಾಕ ಎಲ್ಲಾ ಡಬ್ಬಿ ಸುರುವ್ಯಾರ. ಏನ್ ಮಾಡಾಕತ್ತೀರಿ ಅಂದ್ರ, ನಿನಗ ಸಹಾಯ ಅಂತಾರ. ನನ್ನ ಕೈಲೆ ಆಗೂದಿಲ್ಲವ್ವಾ. ನೀವಿಬ್ಬರೂ ಏನರ ತಂದಕೊಟ್ಟು ಇವರನ್ನ ಒಂದ ಕಡೆ ಕುಂದರಸ್ರಿ."

ಅಣ್ಣ ಮೂಡಲಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು, ಎಲ್ಲದಕ್ಕೂ ಅವಸರ. ದೀಪಾವಳಿಗೆ ಒಂದು ವಿಸಿಡಿ ಪ್ಲೇಯರನ್ನೂ ಮರಾಠಿ ವಿನೋದಿ ನಾಟಕಗಳ ಒಂದಿಷ್ಟು ಸೀಡಿಗಳನ್ನೂ ತಂದು ಇಟ್ಟ. ಅಪ್ಪನಿಗೆ ಖುಷಿಯಾಯಿತು. ರಿಮೋಟಿಗೆ ಪ್ಲಾಸ್ಟಿಕ್ ಚೀಲ ಹೊಲಿಸಬೇಕೆಂದ, ಹೊಲಿಯುವವರು ಯಾರೆಂದು ನೆನಪಾಗಿ ಸುಮ್ಮನಾದ. ಒಂದು ವಾರ ಕಳೆದು ಅವ್ವ ಫೋನಿನಲ್ಲಿ ದನಿ ಇಳಿಸಿ ಹೇಳಿದಳು.

"ನಗೂ ಮಾತ ಬಂದ ಕೂಡ್ಲೆ ಬಾಜೂಕ ಹೊರಳಿ ನೋಡ್ತಾರವ್ವಾ. ಅಲ್ಲಿ ಯಾರ ಅದಾರ? ನಾ ಅಂತೂ ಒಳಗ ಜಪಾ ಮಾಡಾಕತ್ತಿರತೇನಿ."

ಫೋನಿಟ್ಟು ಅತ್ತೆ. ಅಳು ಮುಗಿದ ಮೇಲೆ ಸಿಟ್ಟು ಬಂತು. ನನಗೆ ಯಾವಾಗಲೂ ಹೀಗೆಯೇ, ಒಂದರ ಹಿಂದೆ ಇನ್ನೊಂದು. ಅಲ್ಲ, ಇಬ್ಬರು ದೊಡ್ಡ ಮನುಷ್ಯರು, ಒಂದೇ ಊರು, ಕೂಗಳತೆಯ ದೂರ, ಇವರಿಗೇನು ಧಾಡಿ! ಆದರೆ ಒಂದು ಮಾತು ಮಾತ್ರ ಸ್ಪಷ್ಟವಾಯಿತು: ಅಪ್ಪನಿಗೆ ಬೇಕಾದದ್ದು ಒಬ್ಬನೇ ಕೂತು ನೋಡುವ ವಸ್ತುವಲ್ಲ, ಇಬ್ಬರು ಕೂತು ಜಗಳವಾಡುವ ವಸ್ತು. ಕೇರಂ ತರೋಣವೆಂದರೆ ಕಾಕಾನ ಸೊಂಟ ಬಗ್ಗುವುದಿಲ್ಲ. ಚದುರಂಗವೆಂದರೆ ಸುಮ್ಮನೆ ಕೂತು ವಿಚಾರ ಮಾಡುವ ಸ್ವಭಾವ ಇಬ್ಬರಿಗೂ ಇಲ್ಲ. ನಮ್ಮ ಓಣಿಯ ಹುಡುಗರು ಟಿವಿಗೆ ತಂತಿ ಸಿಕ್ಕಿಸಿಕೊಂಡು ಕಿರುಚಾಡುವುದನ್ನು ದಿನಾ ಕೇಳುತ್ತಿದ್ದೆ. ಆ ಕಿರುಚಾಟ ಥೇಟು ನಮ್ಮ ಪಡಸಾಲೆಯದೇ.

ಬೇಸಿಗೆ ರಜೆಗೆ ತವರಿಗೆ ಹೊರಡುವ ಮುನ್ನ ಗೋಕಾಕಿನ ಪೇಟೆಯಲ್ಲಿ ಒಂದು ಅಂಗಡಿಗೆ ಹೊಕ್ಕೆ.

"ಟಿವಿ ಗೇಮ್ ಯಾರಿಗ್ರಿ ಅಕ್ಕಾರ? ಸಣ್ಣ ಹುಡುಗರಿಗೇನ್ರಿ?"

"ನಮ್ಮಪ್ಪಗ."

"ಅಪ್ಪಾರಿಗೆ ವಯಸ್ಸೆಷ್ಟ್ರಿ?"

"ನೀವು ಗೇಮ್ ಮಾರಾಕತ್ತೀರೋ, ಹೆಣ್ಣ ಕೊಡಾಕತ್ತೀರೋ?"

ಅಂಗಡಿಯವರು ನಕ್ಕು ಡಬ್ಬಿ ಬಿಚ್ಚಿದರು. ಬಣ್ಣ, ಸಪ್ಪಳ, ಎಷ್ಟು ಆಟ, ಏನೇನೋ ಹೇಳಿದರು. ನಾನು ನೋಡಿದ್ದು ಒಂದೇ, ಕೈಯಲ್ಲಿ ಹಿಡಿಯುವ ಜಾಯ್‌ಸ್ಟಿಕ್ಕು ಎರಡು ಇವೆಯೋ ಇಲ್ಲವೋ ಎಂದು. ಇದ್ದವು. "ಮ್ಯಾಲ ಈ ಪಿಸ್ತೂಲ್ ಫ್ರೀ ಐತ್ರಿ" ಎಂದರು. ಆಗಲಿ ಎಂದೆ. ನೀರು ಸೋಸಿ ಕುಡಿಯುವ, ಇರುವೆಯ ಸಾಲು ಕಂಡರೆ ದಾರಿ ಬಿಟ್ಟು ನಡೆಯುವ ಮನೆಗೆ ಪಿಸ್ತೂಲು ಒಯ್ಯುತ್ತಿದ್ದೇನೆಂದು ಹೊಳೆಯಲೇ ಇಲ್ಲ ನೋಡಿ. ಫ್ರೀ ಅಂದರೆ ಬುದ್ಧಿ ಮಂಕಾಗುತ್ತದೆ.

ಹುಕ್ಕೇರಿಯಲ್ಲಿ ಬಸ್ಸಿಳಿದು ಮನೆಗೆ ಹೋಗಲಿಲ್ಲ. ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ನೇರ ಕಾಕಾನ ಅಂಗಡಿಗೆ ಹೋದೆ.

"ಕಾಕಾ, ನಮ್ಮಪ್ಪ ಇಸ್ಪೀಟ್ ಬಿಟ್ಟ. ನೀವು ನಮ್ಮನಿ ಬಿಟ್ರಿ. ಇದ್ಯಾವ ನ್ಯಾಯರಿ?"

"ಕೆಲಸ ಭಾಳ ಐತವ್ವಾ," ಎಂದರು ಕಾಕಾ. ಮಷಿನ್ನಿನ ಮೇಲೆ ಒಂದು ತುಂಡು ಬಟ್ಟೆ ಇರಲಿಲ್ಲ.

"ಇವತ್ತ ನಮಾಜ್ ಮುಗಿಸಿ ಬರ್ರಿ. ಬರಲಿಲ್ಲಂದ್ರ ನಾ ಇಲ್ಲೇ ನಿಮ್ಮ ಮಷಿನ್ ಮುಂದ ಕುಂದರತೇನಿ. ನಮ್ಮಲ್ಲಿ ಹೊತ್ತ ಮುಳುಗಿದ ಮ್ಯಾಲ ಊಟ ಇಲ್ಲ, ಉಪವಾಸ ಕೆಡವಿದ ಪಾಪ ನಿಮಗ ಹತ್ತತೈತಿ."

ಬಂದರು. ಬಾಗಿಲಲ್ಲಿ ಕೆಮ್ಮಿ ನಿಂತರು. ಅಪ್ಪ ನಿನ್ನೆ ತಾನೇ ಬಂದು ಹೋದವರಿಗೆ ಹೇಳುವಂತೆ "ಬಾ, ಕುಂದರು" ಎಂದ. ಆದರೆ ತಾನೇ ಎದ್ದು ಹೋಗಿ ಟೇಬಲ್ ಫ್ಯಾನನ್ನು ಅವರ ಕಡೆ ತಿರುಗಿಸಿದ. ಅದನ್ನು ಅವ್ವನೂ ನಾನೂ ನೋಡಿದೆವು.

ನಾನು ತಂತಿ ಸಿಕ್ಕಿಸಿ ಟಿವಿ ಹಚ್ಚಿದೆ. ಆಟಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲಿನದನ್ನು ಒತ್ತಿದೆ. ಅಷ್ಟರಲ್ಲಿ ಅಪ್ಪ ಪಿಸ್ತೂಲನ್ನು ಎತ್ತಿಕೊಂಡು, ಇದು ಹೊಸ ತರದ ರಿಮೋಟಿರಬೇಕೆಂದು, ಟಿವಿಗೆ ಹಿಡಿದು ಗುಂಡಿ ಅದುಮಿದ. ತೆರೆಯ ಮೇಲೆ ಹಾರುತ್ತಿದ್ದ ಹಕ್ಕಿಯೊಂದು ರೆಕ್ಕೆ ಬಡಿದುಕೊಂಡು ಕೆಳಗೆ ಬಿತ್ತು.

ಜಪಮಣಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವ್ವ, "ಅಯ್ಯಯ್ಯ! ಹಕ್ಕಿ ಹೊಡದ್ರೇನ್ರಿ?" ಎಂದಳು.

ಅಪ್ಪ ಪಿಸ್ತೂಲನ್ನು ಚೇಳು ಹಿಡಿದವನಂತೆ ಒಗೆದ. "ನಾ ಹೊಡೀಲಿಲ್ಲ. ಅದ ತಾನ ಬಿತ್ತು."

"ಅಪ್ಪಾ, ಅದು ಖರೇ ಹಕ್ಕಿ ಅಲ್ಲ, ಚಿತ್ರದ್ದು" ಎಂದೆ.

"ಹಕ್ಕಿ ಚಿತ್ರದ್ದ ಇರಬೋದು. ಬಿದ್ದ ಮ್ಯಾಲ ಒಂದ ಕ್ಷಣ ಛಲೋ ಅನಸ್ತವ್ವಾ ನನಗ. ಆ ಮನಸ ಖರೇದ ಅಲ್ಲೇನು?" ಎಂದು ಅಪ್ಪ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಳ್ಳತೊಡಗಿದ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಗ ಕಾಕಾನ ಭುಜ ಅಲುಗುವುದು ಕಂಡಿತು. ಅವರು ನಗು ತಡೆಯಲು ನೋಡಿದರು, ಆಗಲಿಲ್ಲ.

"ಜೀವಮಾನದಾಗ ಒಂದ ಸೊಳ್ಳಿ ಹೊಡದಾಂವಲ್ಲ. ಮುಪ್ಪಿನಾಗ ಬೇಟೇಕ ನಿಂತಿಯಲ್ಲೋ!"

ಅಪ್ಪ ಒಂದು ಕಣ್ಣು ತೆರೆದು ನೋಡಿದ. ಆಮೇಲೆ ಅವನೂ ನಕ್ಕ. ಎಷ್ಟು ದಿನವಾಗಿತ್ತು ಆ ನಗು ಕೇಳಿ! ನನ್ನ ಜೀವ ತಣ್ಣಗಾಯಿತು.

"ಜೀವ ಹೋಗಲಾರದ ಆಟ ಇದ್ರ ಹಚ್ಚು" ಎಂದ ಅಪ್ಪ. ಹುಡುಕತೊಡಗಿದೆ. ಒಂದರಲ್ಲಿ ಒಬ್ಬಾತ ಜಿಗಿಜಿಗಿದು ಹುಳಗಳನ್ನು ತುಳಿಯುತ್ತಿದ್ದ. ಅವ್ವನೇ "ಬ್ಯಾಡ ಬ್ಯಾಡ, ಮುಂದಿಂದ ಹಚ್ಚು" ಎಂದಳು. ಇನ್ನೊಂದರಲ್ಲಿ ಕಾರುಗಳು ಢಿಕ್ಕಿ ಹೊಡೆದು ಸಿಡಿಯುತ್ತಿದ್ದವು. "ಒಳಗ ಡ್ರೈವರ್ ಇರತಾನಿಲ್ಲ?" ಎಂದ ಅಪ್ಪ. ಮತ್ತೊಂದರಲ್ಲಿ ಗುಂಡು ಹಾರಿಸುವ ಯುದ್ಧದ ಟ್ಯಾಂಕುಗಳು. ಈ ಆಟ ಕಟ್ಟಿದ ಮಂದಿಗೆ ಕೊಲ್ಲುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲವೇ ಎಂದು ಹಲ್ಲು ಕಡಿದೆ. ಕಟ್ಟಕಡೆಗೆ ಮೇಲಿನಿಂದ ಇಟ್ಟಿಗೆ ಬೀಳುವ ಆಟ ಸಿಕ್ಕಿತು. ಬೀಳುವ ಇಟ್ಟಿಗೆಗಳನ್ನು ತಿರುಗಿಸಿ ಸಂದಿಲ್ಲದಂತೆ ಗೋಡೆ ಕೂಡಿಸಬೇಕು. ಪುಣ್ಯಕ್ಕೆ ತೆರೆಯಲ್ಲಿ ಎರಡು ಗೋಡೆಗಳಿದ್ದವು, ಒಬ್ಬರಿಗೊಂದು.

ಕಾಕಾ ಕನ್ನಡಕ ಏರಿಸಿ ನೋಡಿದರು. "ಇದ್ರಾಗ ಯಾರ ಸಾಯ್ತಾರವ್ವಾ?"

"ಯಾರೂ ಇಲ್ರಿ ಕಾಕಾ."

"ಹಂಗಾದ್ರ ನಿಮ್ಮಪ್ಪಗ ನಡೀತೈತಿ."

ಮೊದಲು ಒಂದಿಷ್ಟು ಹೊತ್ತು ಇಬ್ಬರಿಗೂ ಬೆರಳು ಆಡಲಿಲ್ಲ. ಆಮೇಲೆ ಹಿಡಿತ ಸಿಕ್ಕಿತು. ಹಿಡಿತದ ಬೆನ್ನಿಗೇ ಜಗಳವೂ ಬಂತು.

"ಉದ್ದಂದೆಲ್ಲಾ ಇವನ ಕಡೇನ ಬೀಳಾಕತ್ತಾವ! ನನಗ ಬರೇ ಡೊಂಕಂದ!"

"ಕಟ್ಟಾಕ ಬರೂದಿಲ್ಲಂದ್ರ ಗೌಂಡೀನ ಕರಸು."

"ನೀ ನನ್ನ ಕಡೆ ನೋಡಬ್ಯಾಡ, ನಿನ್ನ ಗ್ವಾಡಿ ನೋಡ್ಕೋ ಕಳ್ಳಾ!"

ಅವ್ವ ನನ್ನ ಪಕ್ಕ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಷಾಢದಿಂದ ವೈಶಾಖದವರೆಗೆ ಈ ಮನೆಯಲ್ಲಿ ಯಾರೂ ಯಾರನ್ನೂ ಇಷ್ಟು ಪ್ರೀತಿಯಿಂದ ಬೈದಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

ಬೇಸಿಗೆಯಲ್ಲಿ ಅದು ಹೋಗುವುದೇನೂ ಹೊಸತಲ್ಲ. ಅವ್ವ ಚಿಮಣಿ ಹಚ್ಚಿ ತಂದಿಟ್ಟಳು. ಬೆಳಕಿನಲ್ಲಿ ಇಬ್ಬರೂ ಕಪ್ಪು ಟಿವಿಯ ಮುಂದೆ ಜಾಯ್‌ಸ್ಟಿಕ್ಕು ಹಿಡಿದೇ ಕೂತಿದ್ದರು. ಆ ಚಹಾ ಕುಡಿದ ಸಂಜೆಯ ಹಾಗೆಯೇ ಆಗುತ್ತದೆ, ಇನ್ನು ಇವರು "ಬರ್ತೇನಿ" ಅನ್ನುತ್ತಾರೆ ಎಂದುಕೊಂಡೆ. ಕಾಕಾ ಮೊಣಕಾಲಿನ ಮೇಲೆ ಕೈಯೂರಿ ಏಳಲು ಅಣಿಯಾದರು ಕೂಡ.

"ಕುಂದರು. ಕರೆಂಟ್ ಬರತೈತಿ" ಎಂದ ಅಪ್ಪ.

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ ಬ್ಯಾಡ. ನೀ ಕುಂದರು."

ಕಾಕಾ ಕೂತರು. ಚಾಪೆಯ ಎಳೆ ಕೀಳತೊಡಗಿದರು. ಆಮೇಲೆ ತಲೆ ಎತ್ತದೆಯೇ ಮಾತಾಡಿದರು.

"ಒಂದ ಮಾತ ಕೇಳಲೇನು? ಇಸ್ಪೀಟ್ ಆಡತಿದ್ದಾವರು ಇಬ್ಬರು. ಬಿಟ್ಟಾಂವ ನೀ ಒಬ್ಬಾಂವ. ನನಗೊಂದ ಮಾತ ಕೇಳಬಾರದಾಗಿತ್ತೇನು?"

ಅಪ್ಪ ತಡವರಿಸಿದ. "ಸಭಾದಾಗ... ಬಾಯಿಗೆ ಬಂತು, ಅಂದಬಿಟ್ಟೆ."

"ಕೇಳಿದ್ರ ನಾ ಏನ ಬ್ಯಾಡ ಅಂತಿದ್ದಿಲ್ಲ. ನಿಮ್ಮ ಧರ್ಮ, ನಿಮ್ಮ ನೇಮ. ಬಟ್ಟಿ ಹೊಲಸಾಕ ಬಂದಾವರು ಹೇಳಿದ್ರು, ನಿನ್ನ ದೋಸ್ತ ಇಸ್ಪೀಟ್ ಬಿಟ್ಟ ಅಂತ. ಅವರು ಇಸ್ಪೀಟ್ ಅಂದ್ರು. ನನಗ ಅನಸಿದ್ದು, ಇಂವ ನನ್ನ ಬಿಟ್ಟ ಅಂತ."

ಎಂಥ ಮಂದಿ ನಾವು! ಅಪ್ಪನ ಬೇಸರಕ್ಕೆ ಗೋಕಾಕಿನಿಂದ ಮೂಡಲಗಿಯವರೆಗೆ ಫೋನು ಓಡಾಡಿದವು. ಅಂಗಡಿಯಲ್ಲಿ ಬರಿದಾದ ಮಷಿನ್ನಿನ ಮುಂದೆ ಸಂಜೆ ಕಳೆಯುತ್ತಿದ್ದ ಇನ್ನೊಬ್ಬರು ಇದ್ದಾರೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ಕಂಡವರಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೇಳುವುದು ನಮ್ಮ ಪದ್ಧತಿ. ಆ ವರ್ಷವೂ ಅಪ್ಪ ಓಣಿಯ ಜೈನರ ಮನೆಗಳಿಗೆಲ್ಲ ಹೋಗಿ ಕೇಳಿ ಬಂದಿದ್ದ, ಬೆಲ್ಲ ಬಿಟ್ಟ ಬಾಜೂ ಮನೆಯವರನ್ನೂ ಕೇಳಿದ್ದ. ನಿಜಕ್ಕೂ ನೋಯಿಸಿದ್ದ ಒಬ್ಬರ ಬಾಗಿಲಿಗೆ ಹೋಗಿರಲಿಲ್ಲ. ಚಿಮಣಿಯ ಬೆಳಕಿನಲ್ಲಿ ಈಗ ಅವನ ಎರಡೂ ಕೈ ಮೆಲ್ಲಗೆ ಮೇಲೆದ್ದು ಕೂಡಿದವು. ಬೆರಳಿಗೆ ಜಾಯ್‌ಸ್ಟಿಕ್ಕಿನ ತಂತಿ ಸುತ್ತಿಕೊಂಡಿತ್ತು, ಬಿಡಿಸಿಕೊಳ್ಳುವ ಎಚ್ಚರವೂ ಅವನಿಗಿರಲಿಲ್ಲ.

"ಏ, ಕೈ ತಗಿಯೋ ಮಾರಾಯಾ," ಎಂದು ಕಾಕಾ ಆ ಕೈಗಳನ್ನು ಹಿಡಿದು ಬಿಡಿಸಿದರು. "ನನಗ ಕೈ ಮುಗೀತಾನ ನೋಡು! ಅದೆಲ್ಲಾ ಬ್ಯಾಡ. ಮಗಳ ಕಡೆಯಿಂದ ಕರಸಬ್ಯಾಡ, ಬಾ ಅಂತ ಒಮ್ಮಿ ನೀ ಅನ್ನು. ಸಾಕು."

"ಬಾ," ಎಂದ ಅಪ್ಪ. ಮತ್ತೊಮ್ಮೆ ಹೇಳಿದ. "ದಿನಾ ಬಾ."