ಮೂವತ್ತೇಳನೆಯ ಚಿಪ್ಪು

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮರುದಿನ, ಎಂದಿನಂತೆ ಐದೂವರೆಗೆ ನಲ್ಲಿಯಲ್ಲಿ ನೀರು ಬಂತು. ನಾನು ಇಬ್ಬರ ಸ್ನಾನಕ್ಕಾಗುವಷ್ಟು ಹಿಡಿದೆ. ಏಳು ಗಂಟೆಗೆ ಮೀನಿನವಳು ಗೋರೆಗಾಂವಿನ ನಮ್ಮ ಚಾಳಿನ ಬಾಗಿಲಲ್ಲಿ ಬುಟ್ಟಿ ಇಳಿಸಿ, "ತಿಸ್ರ್ಯಾ ಆಣಲ್ಯಾ ಬಾಯಿ, ಸಾಹೇಬಾಂಸಾಠಿ" ಎಂದಳು. ತಿಸ್ರ್ಯಾ ಎಂದರೆ ನಮ್ಮ ಉಡುಪಿಯ ಕಡೆಯ ಮರುವಾಯಿ, ಚಿಪ್ಪಿನೊಳಗಿನ ಮೀನು. ಸಾಹೇಬರಿಗೆಂದೇ ತಂದಿದ್ದಳು, ಅದು ನನ್ನ ಪತಿಗೆ ಇಷ್ಟವೆಂದು ಅವಳಿಗೆ ಗೊತ್ತಿತ್ತು. ಸಾಹೇಬರು ಇಲ್ಲವೆಂದು ಗೊತ್ತಿರಲಿಲ್ಲ. ಬೇಡವೆಂದು ಒಳಗೆ ಬಂದೆ. ಗೂಡಿನಲ್ಲಿ ಚಹಾ ಡಬ್ಬಿ ಕಂಡಿತು. ಅದರೊಳಗೆ ಹತ್ತಿಯ ಮೇಲೆ ಕಲ್ಲಾದ ಒಂದು ಚಿಪ್ಪಿತ್ತು. ನನ್ನ ಪತಿ ರಮಾನಾಥರು ಪ್ರೊಫೆಸರ್ ಶಿವಪುತ್ರಪ್ಪ ಕೊಲ್ಹಾರರಿಂದ ಎರವಲು ತಂದದ್ದು.

ಅಭಿನಂದನ ಗ್ರಂಥದ ಲೇಖನವನ್ನು ಹೀಗೆ ಆರಂಭಿಸಬಾರದೆಂದು ಬಲ್ಲೆ. ಆದರೆ ಕೊಲ್ಹಾರ ಸರ್ ಅವರ ಬಗ್ಗೆ ಬರೆಯಲು ಕುಳಿತಾಗಲೆಲ್ಲ ಆ ಬೆಳಗೇ ಮೊದಲು ಬರುತ್ತದೆ. ಓದುಗರು ಮನ್ನಿಸಬೇಕು.

ಭೂವಿಜ್ಞಾನವನ್ನು ಮುಂಬಯಿಯಲ್ಲಿ ಬೋಧಿಸಿದವರು ಹಲವರಿದ್ದಾರೆ. ಮುಂಬಯಿಯಲ್ಲಿ ಕುಳಿತು ಉತ್ತರ ಧ್ರುವದ ಕಲ್ಲುಗಳ ವಯಸ್ಸು ಹೇಳಿದವರು ನಾನು ಬಲ್ಲಂತೆ ಇವರೊಬ್ಬರೇ. ಕಾಲೇಜಿನಲ್ಲಿ ಹಿಂದೆ ಇದ್ದ ಬಿಳಿಯ ಅಧ್ಯಾಪಕರೊಬ್ಬರು, ತಾವು ತರುಣರಾಗಿದ್ದಾಗ ಧ್ರುವದ ಹತ್ತಿರದ ದ್ವೀಪವೊಂದರಿಂದ ತಂದ ಕಲ್ಲುಗಳ ಪೆಟ್ಟಿಗೆಯನ್ನು ಇಲ್ಲಿಯೇ ಬಿಟ್ಟು ಹೋದರು. ವಿಜಾಪುರದ ಬಿಸಿಲಿನಲ್ಲಿ ಬೆಳೆದು, ಮಾಟುಂಗದ ಸೋಡಾ ಅಂಗಡಿಯ ಐಸಿನ ಹೊರತು ಬೇರೆ ಹಿಮ ಕಾಣದ ಸರ್ ಆ ಪೆಟ್ಟಿಗೆ ತೆರೆದರು. ಆ ದ್ವೀಪದಲ್ಲಿ ವರ್ಷಕ್ಕೆ ಕೆಲವೇ ವಾರ ನೆಲ ಕಾಣುತ್ತದಂತೆ. ಹೋದವರು ಸಿಕ್ಕ ಕಲ್ಲು ಒಡೆದು, ಚೀಲ ತುಂಬಿ, ಹಡಗು ಹಿಡಿಯುತ್ತಾರೆ. ಪದರುಗಳನ್ನು ಒಂದರ ಕೆಳಗೊಂದು ನೋಡುತ್ತ ನಿಲ್ಲಲು ಹೊತ್ತಿರುವುದಿಲ್ಲ. ಆದ್ದರಿಂದ ಕಲ್ಲಿನ ವಯಸ್ಸನ್ನು ಅದರಲ್ಲಿ ಹುದುಗಿದ ಪಳೆಯುಳಿಕೆಯೇ ಹೇಳಬೇಕು. ಚಿಪ್ಪು ಯಾವ ಕಾಲದ್ದೋ ಪದರು ಆ ಕಾಲದ್ದು. ಪೆಟ್ಟಿಗೆಯ ನಲವತ್ತೆರಡು ಚಿಪ್ಪುಗಳಲ್ಲಿ ಮೂವತ್ತೇಳನೆಯದೊಂದೇ ಗುರುತು ಹಿಡಿಯುವಷ್ಟು ಇಡಿಯಾಗಿತ್ತು. ಸರ್ ಅವರ 1938ರ ಪ್ರಬಂಧ ನಿಂತಿರುವುದು ಅದರ ಮೇಲೆ.

ನಾನು 1951ರಲ್ಲಿ ಅವರ ವಿದ್ಯಾರ್ಥಿನಿಯಾದೆ. ತರಗತಿಯಲ್ಲಿ ಹುಡುಗಿ ನಾನೊಬ್ಬಳೇ. ಕಲ್ಲು ನೋಡಲು ಹೊರಗೆ ಹೋಗುವುದು ಬೇಡವೆಂದು ತಂದೆ ಹಟ ಹಿಡಿದಾಗ ಸರ್ ಮನೆಗೇ ಬಂದರು. "ನಮ್ಮಾಕಿನೂ ಬರ್ತಾಳ್ರೀ. ನಿಮ್ಮ ಮಗಳ ಜೋಡಿ ಇರ್ತಾಳ" ಎಂದರು. ಹಾಗೆ ಅವರ ಪತ್ನಿ ಬಸಲಿಂಗವ್ವನವರು ರೊಟ್ಟಿಯ ಗಂಟಿನೊಂದಿಗೆ ಬಂದು ದಿನವೆಲ್ಲ ಕೊಡೆ ಹಿಡಿದು ಬಂಡೆಯ ಬದಿಗೆ ಕುಳಿತರು. "ಈ ಕಲ್ಲಿನ್ಯಾಗ ಏನೈತಿ ಅಂತ ಇಪ್ಪತ್ತು ವರ್ಷ ಆತು ಕೇಳಾಕತ್ತು. ಇನ್ನೂ ಹೇಳವಲ್ರು ನೋಡವಾ" ಎಂದು ನನಗೆ ಹೇಳಿ ನಗುತ್ತಿದ್ದರು. ಮುಂದಿನ ಎರಡು ವರ್ಷ ಪ್ರತಿ ಸಲವೂ ಬಂದರು. ನಾನು ಪದವಿ ಪಡೆದದ್ದು ಆ ಕೊಡೆಯ ಬಲದಿಂದ.

ರಮಾನಾಥರು ಅದೇ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದರು. ನಾವಿಬ್ಬರೂ ಕಡಲ ಕಡೆಯವರೆಂದು ಸರ್ ಕೆಣಕುತ್ತಿದ್ದರು: "ನೀವು ಚಿಪ್ಪಿ ತಿಂದು ಬೆಳದೀರಿ. ನಾ ಬರೇ ಎಣಿಸಿ ಮುದುಕ ಆದೆ." 1954ರಲ್ಲಿ ನಮ್ಮ ಮದುವೆಯ ಮಾತನ್ನು ಎರಡೂ ಮನೆಯವರಿಗೆ ಹೇಳಿ ಒಪ್ಪಿಸಿದವರೂ ಅವರೇ.

ಸರ್ ಅವರ ಪ್ರಯೋಗಾಲಯಕ್ಕೆ ಒಂದು ನಿಯಮವಿದೆ. ತಟ್ಟೆಯ ಯಾವ ಖಾನೆಯೂ ಬರಿದಾಗಿರಕೂಡದು. ಚಿಪ್ಪು ಒಯ್ಯುವವರು ಅದರ ಜಾಗದಲ್ಲಿ ಹೆಸರು, ತಾರೀಖು ಬರೆದ ಚೀಟಿ ಇಡಬೇಕು. ಒಯ್ದವರು ಮರಳಿಸಿದ ದಿನ ಬರೆದು ಚೀಟಿಯನ್ನು ತಾವೇ ಹರಿಯಬೇಕು. ಹದಿನೈದು ದಿನ ಮೀರಿದರೆ ಯಾರಿಗಾದರೂ ಸರಿ, ಸರ್ ಅವರಿಂದ ನೆನಪಿಸುವ ಕಾರ್ಡು ಬರುತ್ತಿತ್ತು.

ಕಳೆದ ಮೇ ತಿಂಗಳ ಒಂದು ಭಾನುವಾರ ನಾನು ಮರುವಾಯಿ ಬಿಡಿಸುತ್ತಿದ್ದೆ. ಎಲ್ಲದರಲ್ಲೂ ಬಿಳಿ ಮರಳು. ಒಂದರಲ್ಲಿ ಮಾತ್ರ ಮೀನಿಲ್ಲ, ಗಟ್ಟಿಯಾಗಿ ಕರಿ ಕೆಸರು. ನಮ್ಮೂರಲ್ಲಿ ಇಂಥದ್ದನ್ನು ಎಸೆಯುತ್ತಾರೆ. "ಇದು ಈ ಮರಳಿನದಲ್ಲ. ಬೇರೆಲ್ಲೋ ಸತ್ತು, ಅಲ್ಲಿಯ ಕೆಸರು ತುಂಬಿಕೊಂಡು, ಆಮೇಲೆ ಇಲ್ಲಿಗೆ ಬಂದದ್ದು" ಎಂದೆ. ರಮಾನಾಥರು ಪತ್ರಿಕೆ ಕೆಳಗಿಟ್ಟರು.

"ಏನಂದೆ? ಇನ್ನೊಮ್ಮೆ ಹೇಳು ಮಾರಾಯ್ತಿ."

ಮರುದಿನ ಅವರು ಮೂವತ್ತೇಳನೆಯ ಚಿಪ್ಪನ್ನು ತಂದರು. ಹೊರಗೆ ಅಂಟಿದ್ದು ದಪ್ಪ ಮರಳುಗಲ್ಲು. ಅಂಚು ಒಡೆದಲ್ಲಿ ಭೂತಗನ್ನಡಿ ಹಿಡಿದರೆ ಒಳಗೆ ನುಣುಪಾದ ಕರಿ ಜೇಡಿ. ಆ ಚಿಪ್ಪು ಹಳೆಯ ಪದರೊಂದರಲ್ಲಿ ಕಲ್ಲಾಗಿ, ಆ ಪದರು ಸವೆದಾಗ ಕೊಚ್ಚಿಹೋಗಿ, ಎಷ್ಟೋ ಕಾಲದ ನಂತರ ಹೊಸ ಮರಳಿನಲ್ಲಿ ಸೇರಿಕೊಂಡಿತ್ತು. ಹಾಗಾದರೆ ಸರ್ ಹೇಳಿದ ವಯಸ್ಸು ಚಿಪ್ಪಿನದು, ಕಲ್ಲಿನದಲ್ಲ. ಕಲ್ಲು ಅದಕ್ಕಿಂತ ಎಳೆಯದು. ರಮಾನಾಥರು ಎರಡು ಪುಟದ ಟಿಪ್ಪಣಿ ಬರೆದರು. ಈಗಲೇ ಹೇಳಿ ಎಂದೆ. "ಕಾಲೇಜು ತೆರೆಯಲಿ. ಅವರ ಮನಸ್ಸು ನೋಯದ ಹಾಗೆ ಹೇಳ್ಬೇಕು" ಎಂದರು. ಜೂನಿನಲ್ಲಿ ಊರಿಗೆಲ್ಲ ಹಬ್ಬಿದ ಜ್ವರ ನಮ್ಮ ಚಾಳಿಗೂ ಬಂತು. ರಮಾನಾಥರು ಮಲಗಿದ್ದು ಐದೇ ದಿನ.

ನಾಲ್ಕು ತಿಂಗಳು ಆ ಡಬ್ಬಿ ಗೂಡಿನಲ್ಲೇ ಇತ್ತು. ಸರ್ ಅವರಿಂದ ಕಾರ್ಡು ಬರಲಿಲ್ಲ. ಅವರಿಂದ ಪಡೆದ ಉಪಕಾರಗಳಲ್ಲಿ ಬಾರದ ಆ ಕಾರ್ಡನ್ನೂ ಎಣಿಸುತ್ತೇನೆ. ಚಿಪ್ಪು ನನ್ನಲ್ಲಿರುವವರೆಗೆ ರಮಾನಾಥರು ಮಾಡಬೇಕಾದ ಕೆಲಸ ಒಂದು ಬಾಕಿ ಇದೆ ಎನ್ನಿಸುತ್ತಿತ್ತು. ಅದನ್ನು ಕೊಟ್ಟುಬಿಟ್ಟರೆ ಈ ಲೋಕದಲ್ಲಿ ಅವರಿಗೆ ಏನೂ ಉಳಿಯುವುದಿಲ್ಲ.

ಅಕ್ಟೋಬರಿನಲ್ಲಿ, ಸರ್ ಅವರ ನಿವೃತ್ತಿಗೆಂದು ಹೊರತರುವ ಈ ಗ್ರಂಥದ ಸಮಿತಿಯಿಂದ ಪತ್ರ ಬಂತು. 1938ರ ಪ್ರಬಂಧವೇ ಸರ್ ಅವರ ಶಿಖರಪ್ರಾಯ ಸಾಧನೆ, ಅದರ ಕುರಿತು ನೀವೇ ಬರೆಯಬೇಕು ಎಂದಿತ್ತು. ಒಪ್ಪಿ ಬರೆದರೆ ರಮಾನಾಥರ ಕೊನೆಯ ಎರಡು ಪುಟ ಸುಳ್ಳಾಗುತ್ತದೆ. ಇದ್ದದ್ದನ್ನು ಬರೆದರೆ, ನನಗಾಗಿ ಹೆಂಡತಿಯನ್ನು ಬಿಸಿಲಿನಲ್ಲಿ ಕೂರಿಸಿದವರಿಗೆ ಬೀಳ್ಕೊಡುವ ಹೊತ್ತಿನಲ್ಲಿ ನಾನು ಕೊಡುವುದು ಇದು. ಒಂದು ವಾರ ಏನೂ ಬರೆಯಲಿಲ್ಲ. ಆಮೇಲೆ ಡಬ್ಬಿಯನ್ನೂ ಟಿಪ್ಪಣಿಯನ್ನೂ ಚೀಲದಲ್ಲಿಟ್ಟು ಲೋಕಲ್ ಹತ್ತಿದೆ.

ಸರ್ ಎರಡು ಪುಟವನ್ನು ಎರಡು ಸಲ ಓದಿದರು. ಚಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹತ್ತೊಂಬತ್ತು ವರ್ಷ ಇದರ ಮೈ ನೋಡೀನಿ. ಹೊಟ್ಟಿ ನೋಡಲಿಲ್ಲ. ಇದು ಎಲ್ಲಿ ಹೊಳೀತವಾ ನಿಮಗ?"

"ಅಡುಗೆಮನೆಯಲ್ಲಿ, ಸರ್."

"ನಮ್ಮ ಅಡಗೀಮನ್ಯಾಗ ಹೆಂಗ ಹೊಳೀಬೇಕು, ಬದನಿಕಾಯಿ ಒಳಗ?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ನನಗ ಯಾಕ ಹೇಳಲಿಲ್ಲ ಅಂವ?"

"ನಿಮಗೆ ನೋವಾಗುತ್ತದೆ ಅಂತ."

"ಹುಚ್ಚ" ಎಂದರು. "ಹುಚ್ಚ ಹುಡುಗ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಟಿಪ್ಪಣಿಯನ್ನು ನನ್ನ ಕಡೆ ಸರಿಸಿ ಹೇಳಿದರು: "ಗ್ರಂಥದಾಗ ಇದನ್ನ ಬರಿ ತಂಗಿ. ಅವನ ಹೆಸರು ಹಾಕಿ ಬರಿ. ಇಲ್ಲಂದ್ರ ನಾ ಸಮಾರಂಭಕ್ಕ ಬರೂದಿಲ್ಲ ಅಂತ ಹೇಳು ಅವರಿಗೆ."

ಬರೆದಿದ್ದೇನೆ.

ಬರುವ ಮಾರ್ಚಿನಲ್ಲಿ ನಿವೃತ್ತರಾದ ಮೇಲೆ ಉಳಿದ ನಲವತ್ತೊಂದು ಚಿಪ್ಪುಗಳ ಒಳಗನ್ನೂ ನೋಡುವುದಾಗಿ ಸರ್ ಹೇಳಿದ್ದಾರೆ. ಹಾರೈಕೆಗಳಲ್ಲಿ ನನಗೆ ಈಗ ಮೊದಲಿನ ನಂಬಿಕೆಯಿಲ್ಲ. ಆದರೂ ಆ ನಲವತ್ತೊಂದನ್ನು ಅವಸರವಿಲ್ಲದೆ ನೋಡಿ ಮುಗಿಸುವಷ್ಟು ಕಾಲ ಅವರ ಕಣ್ಣೂ ಕೈಯೂ ಗಟ್ಟಿಯಾಗಿರಲಿ, ಬಸಲಿಂಗವ್ವನವರು ಜೊತೆಗಿರಲಿ ಎಂದು ಕೇಳಿಕೊಳ್ಳುತ್ತೇನೆ.

ಆ ದಿನ ಹೊರಡುವ ಮೊದಲು ಮೂವತ್ತೇಳನೆಯ ಖಾನೆಯಲ್ಲಿದ್ದ ಚೀಟಿ ತೆಗೆದು ಚಿಪ್ಪನ್ನು ಇಟ್ಟೆ. ಚೀಟಿಯಲ್ಲಿ ರಮಾನಾಥರ ಅಕ್ಷರವಿತ್ತು. ಮರಳಿಸಿದ ದಿನ ಎಂಬಲ್ಲಿ ಖಾಲಿ. ನಾನು ಪೆನ್ನು ಕೇಳಿದೆ.

"ಇರಲಿ ಬಿಡು ತಂಗಿ. ಇದೊಂದು ಹಂಗ ಇರಲಿ" ಎಂದರು ಸರ್. ಆ ನಿಯಮವನ್ನು ಅವರು ಯಾರಿಗಾಗಿಯೂ ಸಡಿಲಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಖಾಲಿ ಜಾಗದಲ್ಲಿ ಆ ದಿನದ ತಾರೀಖು ಬರೆದೆ. ಆಮೇಲೆ ಹರಿದೆ.