ಕಂಬಳಿಯ ತುದಿ

ನಾನು ಹೆದರೋ ಪೈಕಿ ಅಲ್ಲ, ನಮ್ಮೂರು ಮತ್ತೋಡಿನಲ್ಲಿ ಯಾರನ್ನಾದ್ರೂ ಕೇಳಿ. ಆದ್ರೂ ಕುರಿ ಮೇಯಿಸೋ ಜಾಗದ ಜಗಳದಲ್ಲಿ, ನನ್ನಂಗೇ ಕುರಿ ಕಾಯೋ ತಿಪ್ಪಣ್ಣ ಹತ್ತು ಜನರ ಮುಂದೆ ನನ್ನ ಕೆನ್ನೆಗೆ ಹೊಡೆದಿದ್ದ. ಆ ಸೇಡು ಒಳಗೇ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವನು ಜಾಲಿಮರದಡಿ ಒಬ್ಬನೇ ಮಲಗಿದ್ದ. ನನ್ನ ಕೈಯಲ್ಲಿ ಉಣ್ಣೆ ಕತ್ತರಿ. ಆಗ, ಹಿಂದೊಮ್ಮೆ ಹಿರಿಯೂರು ಬಸ್ಸಿನಲ್ಲಿ ಒಬ್ಬ ಮೇಷ್ಟ್ರು ಹೇಳಿದ್ದ ಯಹೂದಿಗಳ ಧರ್ಮಗ್ರಂಥದ ಕಥೆ ನೆನಪಾಯ್ತು. ಅದರಲ್ಲೊಬ್ಬ ಕುರಿ ಕಾಯ್ದು ಬೆಳೆದವನು. ತನ್ನನ್ನು ಕೊಲ್ಲಲು ಬಂದ ರಾಜ ಗುಹೆಯಲ್ಲಿ ಕೈಗೆ ಸಿಕ್ಕರೂ, ಅವನ ನಿಲುವಂಗಿಯ ತುದಿಯಷ್ಟೇ ಕತ್ತರಿಸಿ, ಆಮೇಲೆ ಎದುರಿಗೆ ಹೋಗಿ ಅಡ್ಡಬಿದ್ದನಂತೆ.

ಅವನಿಗಿಂತ ನಾನೇನು ಕಮ್ಮಿ? ತಿಪ್ಪಣ್ಣ ಹೊದ್ದಿದ್ದ ಕಂಬಳಿಯ ತುದಿ ಕತ್ತರಿಸಿ, ಅವನನ್ನು ಎಬ್ಬಿಸಿ ಕೈಮುಗಿದೆ. "ಅಣ್ಣ, ಕುತ್ತಿಗೇನೇ ಸಿಕ್ಕಿತ್ತು, ಬಿಟ್ಟಿದ್ದೀನಿ."

ತುಂಡು ನೋಡಿ ಅವನ ಕಣ್ಣು ತುಂಬಿತು. "ಲೇ, ನೀನೂ ಕುರುಬರ ಮಗನೇನಲೇ? ನಮ್ಮಪ್ಪ ನೇಯ್ದ ಕಂಬಳಿ ಇದು. ಇದನ್ನೇ ಗದ್ದುಗೆ ಹಾಸಿ ದೇವರನ್ನ ಕೂರಿಸ್ತೀವಿ. ಕುತ್ತಿಗೆ ಕೊಯ್ದಿದ್ರೂ ಇಷ್ಟು ನೋವಾಗ್ತಿರಲಿಲ್ಲ."

ನಮ್ಮ ಮನೆಯಲ್ಲೂ ದೇವರಿಗೆ ಅಂಥದೇ ಕಂಬಳಿ ಗದ್ದುಗೆ ಐತೆ. ಮೊದಲ ಸಲ ನಿಜವಾಗಿ ತಲೆ ತಗ್ಗಿಸಿದೆ. ದಬ್ಬಣ ತಂದು ಸಂಜೆವರೆಗೂ ಹೊಲಿದೆ. ಇನ್ನೊಂದು ತುದಿ ಹಿಡಿದು ಕೂತ ತಿಪ್ಪಣ್ಣ, "ಬಿಗಿಯಾಗಿ ಎಳಿ, ಶೂರ" ಅನ್ನುತ್ತಿದ್ದ.

ರಾಜನ ಅಂಗಿ ಯಾರು ಹೊಲಿದುಕೊಟ್ಟರು ಅಂತ ಆ ಮೇಷ್ಟ್ರು ಹೇಳಿರಲೇ ಇಲ್ಲ.