ಜಗಲಿಗೆ ಬಳಿಯದ ಕೆಂಪು

ಸರಸ್ವತಿಪುರಂನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅವರು ನಗರ ಯೋಜನೆಯ ಸಂಶೋಧಕಿ. ಎಲ್ಲಿ ಹೋದರೂ ಕೈಯಲ್ಲಿ ಉದ್ದನೆಯ ಕೊಡೆ ಇರುತ್ತಿತ್ತು. ಓಣಿಯ ನಡುವೆ ನಿಂತು ಅದನ್ನು ಬಿಚ್ಚಿ, ಪಕ್ಕದಲ್ಲಿ ಇನ್ನೊಬ್ಬರು ಹಾಯಲು ಜಾಗ ಉಳಿಯಿತೇ ಎಂದು ನೋಡುತ್ತಿದ್ದರು. ಯಾರಾದರೂ ಒಂದು ಬಡಾವಣೆಯ ಬಗ್ಗೆ ಅಭಿಪ್ರಾಯ ಹೇಳಿದರೆ ಅವರದು ಒಂದೇ ಪ್ರಶ್ನೆ: “ಅಲ್ಲಿ ಕೂತು ನೋಡಿದ್ದೀರೇನ್ರೀ?”

ರಾಜೀವನಗರದ ಓಣಿಗಳ ಅಧ್ಯಯನಕ್ಕೆ ಅವರು ಬಹಳ ಕಾಲ ಅನುದಾನ ಹುಡುಕಿದರು. ಕೊನೆಗೆ ಒಂದು ಪ್ರತಿಷ್ಠಾನ ಆಸಕ್ತಿ ತೋರಿ, ಸ್ಥಳ ನೋಡಲು ಅಧಿಕಾರಿಯೊಬ್ಬರನ್ನು ಕಳಿಸಿತು. ವರದಿಗಾರನಾಗಿ ನಾನೂ ಜೊತೆಗೆ ಹೋದೆ. ಮನೆಗಳ ಮುಂದಿನ ಜಗಲಿಗಳ ಮೇಲೆ ಹೆಂಗಸರು ಇದ್ದಿಲಪುಡಿಯ ಹಿಟ್ಟು ಕಲಸಿ ಊದುಬತ್ತಿ ಹೊಸೆಯುತ್ತಿದ್ದರು.

“ಈ ಜಗಲಿಗಳೆಲ್ಲ ರಸ್ತೆಗೆ ಬಂದಿವೆ. ನಕ್ಷೆಯಲ್ಲಿ ಒತ್ತುವರಿ ಅಂತ ಕೆಂಪು ಬಣ್ಣ ಹಾಕ್ಬಿಡಿ ಮೇಡಂ, ಅನುದಾನ ಮಂಜೂರಾಗುತ್ತೆ,” ಎಂದರು ಅಧಿಕಾರಿ.

“ಕೂತು ನೋಡಿದ್ದೀರೇನ್ರೀ?”

ಜಗಲಿಯ ಮೇಲಿದ್ದ ಹೆಂಗಸು ಮೊರ ಸರಿಸಿ ಜಾಗ ಮಾಡಿದಳು. “ಕೂತ್ಕೊಳ್ಳಿ ಸಾರ್. ಪ್ಯಾಂಟು ಕಪ್ಪಾದ್ರೆ ನಮ್ಮನ್ನ ಬೈಬೇಡಿ ಅಷ್ಟೆ.”

ಅಧಿಕಾರಿ ನಕ್ಕರು, ಕೂರಲಿಲ್ಲ.

ಅವರು ಪ್ರತಿಷ್ಠಾನಕ್ಕೆ ಕಳಿಸಿದ ನಕ್ಷೆಯಲ್ಲಿ ಜಗಲಿಗಳಿಗೆ ಕೆಂಪು ಹಾಕದೆ ‘ಕೂರುವ ಜಾಗ’ ಎಂದು ಬರೆದಿದ್ದರು. ಅನುದಾನ ಬರಲಿಲ್ಲ. ಸುದ್ದಿ ತಿಳಿದ ದಿನ ನಾನು ಕೇಳಿದೆ: “ಒಂದ್ ಬಣ್ಣ ತಾನೇ ಮೇಡಂ, ಹಾಕ್ಬುಡಬಹುದಿತ್ತಲ್ಲ?”

“ಆ ಬಣ್ಣ ಹುಡುಕ್ಕೊಂಡೇ ಜೆಸಿಬಿ ಬರೋದು ಕಣ್ರೀ,” ಎಂದರು.

ಆಮೇಲೆ ಅವರು ಬೇರೊಂದು ಸಂಸ್ಥೆಗೆ ಅರ್ಜಿ ಹಾಕಿದರು. ಅದರ ಜೊತೆಗಿದ್ದ ನಕ್ಷೆಯಲ್ಲೂ ಜಗಲಿಗಳ ಮೇಲೆ ‘ಕೂರುವ ಜಾಗ’ ಎಂದೇ ಬರೆದಿದ್ದರು.